ಅರಿಶಿನದ ಮನೆಯ ನೀಲಿ

ಮೈಸೂರಿನಲ್ಲಿ ನನಗೆ ಚಿತ್ರಕಲೆ ಕಲಿಸಿದ ಮೇಷ್ಟ್ರು ಒಂದು ದಿನ ನನ್ನ ಪೆಟ್ಟಿಗೆಯಿಂದ ಕಪ್ಪು ಬಣ್ಣದ ಟ್ಯೂಬನ್ನು ತೆಗೆದು ಕಿಟಕಿಯಾಚೆ ಎಸೆದರು. "ಹೊರಗೆ ಹೋಗಿ ನೋಡು, ನೆರಳು ಎಲ್ಲಾದರೂ ಕಪ್ಪಗಿದೆಯೇನೋ?" ಎಂದು ಗದರಿದರು. ಹೋಗಿ ನೋಡಿದೆ. ಎಲ್ಲೂ ಇರಲಿಲ್ಲ. ಹುಣಸೆ ಮರದ ನೆರಳು ನೇರಳೆ, ಸುಣ್ಣದ ಗೋಡೆಯ ನೆರಳು ನೀಲಿ, ಎಮ್ಮೆಯ ಬೆನ್ನ ಮೇಲೂ ಆಕಾಶದ ಬಣ್ಣ. ಆ ಟ್ಯೂಬನ್ನು ನಾನು ಮತ್ತೆ ಕೊಳ್ಳಲಿಲ್ಲ. ಹೀಗೆ ಬರೆಯುವವರನ್ನು ಇಂಪ್ರೆಷನಿಸ್ಟ್ ಅನ್ನುತ್ತಾರೆ. ನಮ್ಮ ಚಾಮರಾಜನಗರದಲ್ಲಿ ಆ ಪದ ಹೇಳಿದರೆ ಯಾವುದೋ ಮಾತ್ರೆಯ ಹೆಸರು ಅಂದುಕೊಳ್ಳುತ್ತಾರೆ. ಹೊಲವನ್ನೋ ಬೆಟ್ಟವನ್ನೋ ಕೂತು ತಿದ್ದಿ ತೀಡಿ ಬರೆಯುವ ಬದಲು, ಅದರ ಮೇಲೆ ಆ ಹೊತ್ತಿಗೆ ಬಿದ್ದ ಬೆಳಕನ್ನು ಅದು ಓಡಿಹೋಗುವ ಮೊದಲು ಹಿಡಿಯುವುದು. ಕೆಲಸ ಅಷ್ಟೇ. ಆ ಅಷ್ಟಕ್ಕೇ ನನ್ನ ಆಯುಸ್ಸು ಸಾಲಲಿಲ್ಲ.

ಇದನ್ನು ನಾನು ಬಾಯಲ್ಲಿ ಹೇಳುತ್ತಿದ್ದೇನೆ, ಮಗಳು ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ನನಗೆ ಈಗ ಕಣ್ಣು ಕಾಣುವುದಿಲ್ಲ. ಅಯ್ಯೋ ಪಾಪ ಅನ್ನಬೇಡಿ, ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಸಕ್ಕರೆ ಕಾಯಿಲೆಯವರ ಕಣ್ಣು ಹೋಗುತ್ತದೆ, ನನ್ನದೂ ಹೋಯಿತು. ಅದನ್ನು ಹೇಗೋ ನುಂಗಿಕೊಂಡಿದ್ದೇನೆ. ನುಂಗಲು ಆಗದೆ ಗಂಟಲಲ್ಲಿ ಉಳಿದಿರುವುದು, ಕಣ್ಣಿದ್ದ ಕೊನೆಯ ವರ್ಷವನ್ನು ನಾನು ಕಳೆದ ರೀತಿ.

ನಮ್ಮದು ಅರಿಶಿನದ ಮನೆ. ಅಪ್ಪನ ಕಾಲದಿಂದಲೂ ಅರಿಶಿನದ ವ್ಯಾಪಾರ, ಅಪ್ಪನ ನಂತರ ಅಣ್ಣ ನೋಡಿಕೊಂಡ. ಬೇಯಿಸಿ ಒಣಗಿಸಿದ ಕೊಂಬು ಉಡಿಗಾಲದ ಕಡೆಯಿಂದ ಮೂಟೆಗಟ್ಟಲೆ ಬರುತ್ತದೆ. ಅದನ್ನು ದೊಡ್ಡ ಡ್ರಮ್ಮಿನಲ್ಲಿ ಹಾಕಿ ತಿರುಗಿಸಿದರೆ ಮೇಲಿನ ಒರಟು ಸಿಪ್ಪೆ ಉದುರಿ ಕೊಂಬು ಹೊಳೆಯುತ್ತದೆ. ಪಾಲಿಷ್ ಮಾಡುವುದು ಅಂದರೆ ಇದೇ. ಶೆಡ್ಡು ಮನೆಯ ಹಿಂದೆಯೇ ಇದೆ. ಡ್ರಮ್ಮು ತಿರುಗುವಾಗ ಏಳುವ ದೂಳು ಎಲ್ಲೆಲ್ಲಿಗೆ ಹೋಗುತ್ತದೆ ಅನ್ನುವುದನ್ನು ಕೇಳಬೇಡಿ. ಉಗುರು ಹಳದಿ, ನಮಾಜಿನ ಚಾಪೆ ಹಳದಿ, ಸ್ವಿಚ್ಚು ಹಳದಿ. ನನ್ನ ಹೆಂಡತಿ ಗುಂಡ್ಲುಪೇಟೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಚಹಾದ ಲೋಟವನ್ನು ಬೆಳಕಿಗೆ ಹಿಡಿದು, "ಇದೇನು, ನಿಮ್ಮ ಮನೆಯಲ್ಲಿ ಹಾಲಿಗೂ ಕಾಮಾಲೆಯಾ?" ಅಂದಿದ್ದಳು. ಅಮ್ಮ ಮೂರು ದಿನ ಮುಖ ಊದಿಸಿಕೊಂಡಿದ್ದಳು. ಹೆಂಡತಿ ಅಷ್ಟಕ್ಕೆ ಬಿಡಲಿಲ್ಲ. ಇದ್ದಬದ್ದ ಹಾಸಿಗೆ ಬಟ್ಟೆಯನ್ನೆಲ್ಲ ಒಗೆದು ತಾರಸಿಯ ಮೇಲೆ ಉರಿಬಿಸಿಲಿಗೆ ಹರವಿದಳು. ಅರಿಶಿನದ ಕಲೆ ಸೋಪಿಗೆ ಜಗ್ಗುವುದಿಲ್ಲ, ಬಿಸಿಲಿಗೆ ಮಾತ್ರ ಹೋಗುತ್ತದೆ. ಆದರೆ ದಿನಾ ಒಗೆಯುವವರು ಯಾರು? ವರ್ಷ ಕಳೆದಂತೆ ಅವಳೂ ನಮ್ಮವಳಾದಳು. ಲೋಟವನ್ನು ಬೆಳಕಿಗೆ ಹಿಡಿಯುವುದನ್ನು ಬಿಟ್ಟಳು. ನಮಗಂತೂ ಹುಟ್ಟಿದಾಗಿನಿಂದಲೇ ಆ ಹಳದಿ ಕಾಣುತ್ತಿರಲಿಲ್ಲ.

ನಾನು ತೆರಕಣಾಂಬಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಬೆಳಗಿನ ಮೊದಲ ಬಸ್ಸಿಗೆ ಹೊರಟು, ಸ್ಕೂಲು ಶುರುವಾಗುವ ಮೊದಲು ಕೆರೆ ಏರಿಯ ಮೇಲೆ ಸ್ಟ್ಯಾಂಡ್ ಹೂಡಿ ಕೂರುತ್ತಿದ್ದೆ. ಎದುರಿಗೆ ಚೆಂಡು ಹೂವಿನ ಹೊಲ, ಅದರಾಚೆ ಜೋಳ, ತೀರಾ ಹಿಂದೆ ಬಂಡೀಪುರದ ಕಡೆಯ ಬೆಟ್ಟಸಾಲು. ಆ ಬೆಟ್ಟದ ನೀಲಿ ಇದೆಯಲ್ಲ, ಅದೇ ನನ್ನ ಜೀವ ತಿಂದದ್ದು. ಬಿಸಿಲು ಏರುವ ಮೊದಲು ಅದರಲ್ಲಿ ಸ್ವಲ್ಪ ಗುಲಾಬಿ ಇರುತ್ತದೆ. ಆಮೇಲೆ ಬೂದಿ. ಆಮೇಲೆ ಬೆಟ್ಟವೇ ಇರುವುದಿಲ್ಲ, ಬರೀ ಸೆಕೆ. ಗುಲಾಬಿ ಇರುವಷ್ಟು ಹೊತ್ತು ಮಾತ್ರ ನಾನು ಬರೆಯುತ್ತಿದ್ದೆ. ಹೋಯಿತೋ, ಪೆಟ್ಟಿಗೆ ಮುಚ್ಚುವುದು, ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಕೂರುವುದು. ಮನೆಗೆ ತಂದ ಮೇಲೆ ಒಂದು ಗೀಟು ಸಹ ಎಳೆಯಬಾರದು ಅನ್ನುವುದು ನಾನೇ ಮಾಡಿಕೊಂಡಿದ್ದ ಕಟ್ಟುಪಾಡು. ಹೊರಗೆ ಕಂಡದ್ದನ್ನು ಒಳಗೆ ಕೂತು ತಿದ್ದಿದರೆ ಅದು ಸುಳ್ಳುಸಾಕ್ಷಿ ಅಂತಲೇ ನನ್ನ ಲೆಕ್ಕ. ನಿವೃತ್ತಿಯಾದ ಮೇಲೂ ಅದೇ ಬಸ್ಸು, ಅದೇ ಏರಿ.

ಆ ಹೊಲದವಳು ಒಬ್ಬಳಿದ್ದಳು, ಮಾತಿನ ಮಲ್ಲಿ. ಹೂ ಬಿಡಿಸುತ್ತಾ ಬಿಡಿಸುತ್ತಾ ಏರಿ ಹತ್ತಿ ಬಂದು ನನ್ನ ಬೆನ್ನ ಹಿಂದೆ ನಿಲ್ಲುವಳು.

"ಇದ್ಯಾನ ಮೇಷ್ಟ್ರೇ, ಹೂವೂ ಇಲ್ಲ ಗಿಡವೂ ಇಲ್ಲ, ಬರೀ ಬಣ್ಣ ಮೆತ್ಬುಟ್ಟಿದ್ದೀರಿ?"

"ದೂರ ಹೋಗಿ ನೋಡಮ್ಮ, ಕಾಣ್ತದೆ."

"ನಾನೆಲ್ಲಿವ್ನಿ ಇದ್ರಲ್ಲಿ?"

"ಇಗೋ, ಈ ಕೆಂಪು ಗೀಟು."

"ಅಯ್ಯೋ ನಮ್ಮಪ್ಪನೇ! ಇಷ್ಟೊತ್ತು ಬಗ್ಗಿ ಸೊಂಟ ಮುರ್ಕಂಡಿದ್ಕ ಒಂದ್ ಗೀಟಾ? ಓಗಿ ಮೇಷ್ಟ್ರೇ, ನಿಮ್ಗ ಬರಿಯಾಕೇ ಬರಲ್ಲ."

ನನ್ನ ಚಿತ್ರಕ್ಕೆ ವಿಮರ್ಶಕರು ಇಬ್ಬರೇ, ಒಬ್ಬಳು ಇವಳು. ಇನ್ನೊಬ್ಬಳು ಹೆಂಡತಿ, ಅವಳು ಇವಳಿಗಿಂತ ಕಟು. ಮನೆಯಲ್ಲಿ ನಮ್ಮದು ಉರ್ದು. ಉರ್ದುವಿನಲ್ಲಿ ಬೈದರೂ ಕೇಳಲು ಹಿತವಾಗಿರುತ್ತದೆ ಅನ್ನುವವರು ನನ್ನ ಹೆಂಡತಿಯ ಬಾಯಿಗೆ ಸಿಕ್ಕಿಲ್ಲ. "ಈ ಮರ ಎಲೆಕೋಸಿನ ಹಾಗಿದೆ." "ಇಷ್ಟು ಬಣ್ಣ ದಂಡ." "ಇದು ಪರವಾಗಿಲ್ಲ, ಮೂಲೆ ಬಿಟ್ಟು." ಇಷ್ಟೇ ಮಾತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ, ಎಷ್ಟೋ ಸಲ ಜಗಳವಾಡಿ ಊಟ ಬಿಟ್ಟಿದ್ದೇನೆ. ಆದರೂ ಪ್ರತಿ ಚಿತ್ರವನ್ನೂ ಮೊದಲು ಅವಳಿಗೇ ತೋರಿಸುತ್ತಿದ್ದೆ. ಅವಳು ನನ್ನ ಮುಖ ನೋಡಿ ಮಾತಾಡುವವಳಲ್ಲ ಅಂತ ನನಗೆ ಗೊತ್ತಿತ್ತು. ಊರೆಲ್ಲ ಹೊಗಳಿದರೂ ಅವಳ "ಪರವಾಗಿಲ್ಲ" ಬಂದ ಮೇಲೆಯೇ ನನಗೆ ಸಮಾಧಾನ.

ಎಡಗಣ್ಣು ಮೊದಲು ಹೋಯಿತು. ಒಳಗೆ ರಕ್ತ ಸೋರಿದೆ ಎಂದರು ಮೈಸೂರಿನ ಡಾಕ್ಟರು. ಕಣ್ಣಿಗೇ ಸೂಜಿ ಚುಚ್ಚಿದರು, ಒಂದಲ್ಲ, ಹಲವು ಸಲ. ಸೂಜಿ ಬರುವುದು ಕಾಣುತ್ತಿರುತ್ತದೆ, ರೆಪ್ಪೆ ಮುಚ್ಚುವ ಹಾಗಿಲ್ಲ. ಅಷ್ಟೆಲ್ಲ ಮಾಡಿಯೂ ಕಣ್ಣು ಉಳಿಯಲಿಲ್ಲ. ಬಲಗಣ್ಣು ಸದ್ಯಕ್ಕೆ ಚೆನ್ನಾಗಿದೆ, ಆದರೆ ನಂಬುವ ಹಾಗಿಲ್ಲ ಎಂದರು ಡಾಕ್ಟರು. ನಾನು ಚಿತ್ರ ಬರೆಯುವವನೆಂದು ಗೊತ್ತಾದ ಮೇಲೆ ಒಂದು ಮಾತು ಸೇರಿಸಿದರು: "ನಿಮಗೆ ಬೇರೆಯವರಿಗಿಂತ ಮೊದಲೇ ಗೊತ್ತಾಗಬಹುದು. ನೀಲಿಗೂ ಹಳದಿಗೂ ಗೊಂದಲ ಆಗೋಕೆ ಶುರುವಾದರೆ, ಅದೂ ತೆಳು ಬಣ್ಣಗಳಲ್ಲಿ, ಕೂಡಲೇ ಬನ್ನಿ." ಹೆಂಡತಿ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ಹೊರಗೆ ಬಂದು ರೈಲು ಹತ್ತಿದ ಮೇಲೆ ನಾನು ಅವಳಿಗೆ ಹೇಳಿದೆ, ಇನ್ನು ಸತ್ತರೂ ಕಣ್ಣಿಗೆ ಸೂಜಿ ಹಾಕಿಸಿಕೊಳ್ಳುವುದಿಲ್ಲ ಅಂತ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಒಂದು ಕಣ್ಣಿನಲ್ಲೇ ಆ ವರ್ಷದ ಹೂವಿನ ಕಾಲ ಪೂರ್ತಿ ಬರೆದೆ. ಎಂದೂ ಬರೆಯದಷ್ಟು ಬರೆದೆ ಅನ್ನಬೇಕು. ಹೆದರಿಕೆ ಇತ್ತಲ್ಲ, ಕೈ ತಾನಾಗಿಯೇ ಓಡುತ್ತಿತ್ತು. ಏರಿಯ ಮೇಲೆ ಕೂತಾಗ ಬೆಟ್ಟದ ನೀಲಿ ಕ್ಯಾನ್ವಾಸಿನ ಮೇಲೆ ಬಂದು ಕೂತಿತು ಅಂತ ನನಗೇ ಅನ್ನಿಸುತ್ತಿತ್ತು. ಜಂಬವಲ್ಲ, ಅಷ್ಟು ವರ್ಷದಲ್ಲಿ ಮೊದಲ ಸಲ ಹಾಗೆ ಅನ್ನಿಸಿದ್ದು. ಎಣ್ಣೆ ಬಣ್ಣ ಒಣಗಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಎಂದಿನಂತೆ ಮನೆಯ ಹಿಂದಿನ ಕೋಣೆಯಲ್ಲಿ ಒರಗಿಸಿಡಬೇಕಿತ್ತು. ಆದರೆ ಆ ವರ್ಷ ಮಗಳು ಬಾಣಂತನಕ್ಕೆ ಬಂದಿದ್ದಳು, ಆ ಕೋಣೆ ಅವಳಿಗೆ ಕೊಟ್ಟಿದ್ದೆವು. ಹಸುಗೂಸಿನ ಹತ್ತಿರ ಟರ್ಪೆಂಟೈನ್ ವಾಸನೆ ಬೇಡವೆಂದು ಹೆಂಡತಿ ಹೇಳಿದಳು, ಸರಿಯಾಗಿಯೇ ಹೇಳಿದಳು. ಅಣ್ಣ ತಾನಾಗಿಯೇ ಬಂದು, "ಶೆಡ್ಡಿನ ಅಟ್ಟ ಖಾಲಿ ಇದೆಯಲ್ಲೋ, ಅಲ್ಲಿಡು. ಗಾಳಿ ಚೆನ್ನಾಗಿ ಬರುತ್ತೆ" ಅಂದ. ಹಸಿ ಚಿತ್ರಗಳನ್ನೆಲ್ಲ ತಂದ ಹಾಗೆಯೇ ಅಲ್ಲಿ ಸಾಲಾಗಿ ಜೋಡಿಸುತ್ತಾ ಹೋದೆ; ಬಾಣಂತನದ ಗಡಿಬಿಡಿಯಲ್ಲಿದ್ದ ಹೆಂಡತಿಗೆ ಆ ಸಲ ಒಂದನ್ನೂ ತೋರಿಸಲಿಲ್ಲ.

(ಮಗಳು ಇಲ್ಲಿ ಬರೆಯುವುದನ್ನು ನಿಲ್ಲಿಸಿದ್ದಾಳೆ. ಏನೂ ಇಲ್ಲ, ನೀನು ಬರಿಯಮ್ಮ. ನಿನ್ನದೇನೂ ಇಲ್ಲ ಇದರಲ್ಲಿ.)

ಹೂವಿನ ಕಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅಟ್ಟ ಹತ್ತಿ, ಕೈಗೆ ಸಿಕ್ಕ ಒಂದು ಚಿತ್ರವನ್ನು ಅಂಗಳಕ್ಕೆ ತಂದು ಗೋಡೆಗೆ ಒರಗಿಸಿದೆ. ನೋಡಿದೆ. ಆಕಾಶ ಹಳದಿಯಾಗಿತ್ತು. ಬೆಟ್ಟ ಒಂಥರಾ ಹಸಿರು, ಪಾಚಿ ಕಟ್ಟಿದ ನೀರಿನ ಬಣ್ಣ. ಗುಲಾಬಿ ಹುಡುಕಿದರೂ ಇರಲಿಲ್ಲ. ಮೇಲೆ ಹೋಗಿ ಇನ್ನೊಂದು ತಂದೆ. ಅದೂ ಹಾಗೇ. ಕೋಣೆಗೆ ಹೋಗಿ ನೀಲಿ ಟ್ಯೂಬು ತೆರೆದು ಹಿಂಡಿದೆ. ನೀಲಿ ನೀಲಿಯಾಗಿಯೇ ಇತ್ತು. ಅದರಿಂದ ಸಮಾಧಾನ ಆಗುವ ಬದಲು ಡಾಕ್ಟರು ಹೇಳಿದ್ದೇ ಕಿವಿಯಲ್ಲಿ ಗುಂಯ್ ಅಂದಿತು: ತೆಳು ಬಣ್ಣಗಳಲ್ಲಿ.

ಹೆಂಡತಿಯನ್ನು ಕೂಗಿದೆ. ಒಳಗೆ ಕೂಸಿನ ಬಟ್ಟೆ ಮಡಿಸುತ್ತಿದ್ದವಳು ಒಂದು ಬಟ್ಟೆ ಕೈಯಲ್ಲೇ ಹಿಡಿದು ಬಂದಳು.

"ಇದನ್ನ ನೋಡು. ಆಕಾಶ ಯಾವ ಬಣ್ಣ ಇದೆ?"

ಅವಳು ಚಿತ್ರ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನೀಲಿ," ಅಂದಳು. "ಆಕಾಶ ಇನ್ಯಾವ ಬಣ್ಣ ಇರುತ್ತೆ?"

"ಬೆಟ್ಟ?"

"ಅದೂ ನೀಲಿನೇ. ಚೆನ್ನಾಗಿ ಬಂದಿದೆ."

ಎಲೆಕೋಸು ಅನ್ನಲಿಲ್ಲ, ದಂಡ ಅನ್ನಲಿಲ್ಲ, ಮೂಲೆ ಬಿಟ್ಟು ಅಂತಲೂ ಅನ್ನಲಿಲ್ಲ. ಅಷ್ಟು ವರ್ಷದಲ್ಲಿ ಅವಳು ಚೆನ್ನಾಗಿದೆ ಅಂದ ಮೊದಲ ಚಿತ್ರ ಅದು. ಅವಳಿಗೆ ನೀಲಿ ಕಾಣುತ್ತಿದೆ, ನನಗೆ ಹಳದಿ ಕಾಣುತ್ತಿದೆ. ಇನ್ನು ಯಾವ ಡಾಕ್ಟರು ಬೇಕು ನನಗೆ? ನನ್ನ ಹೆಂಡತಿಯ ಬಾಯಿಂದಲೇ ತೀರ್ಪು ಬಂದ ಮೇಲೆ ಮೈಸೂರಿನಲ್ಲಿ ಕೇಳುವುದೇನಿದೆ? "ಸರಿ, ಹೋಗು" ಅಂದೆ. ಅವಳು ಕೈಯಲ್ಲಿದ್ದ ಬಟ್ಟೆ ಮಡಿಸುತ್ತಾ, "ಒಂದ್ಸಲ ಮೈಸೂರಿಗೆ ಹೋಗಿ ತೋರಿಸಿಕೊಂಡು ಬರೋಣ" ಅಂದಳು. ಕಣ್ಣು ಹೋಗಿರುವುದು ಅವಳಿಗೂ ಗೊತ್ತಾಗಿದೆ ಅಂತ ಅದರಿಂದ ಇನ್ನೂ ಖಾತ್ರಿಯಾಯಿತು. ಬಾಯಿಗೆ ಬಂದ ಹಾಗೆ ಬೈದು ಕಳಿಸಿದೆ.

ಅರಿಶಿನ ಬೇಯಿಸುವ ಕಾಲ ಬಂದಾಗ ಅಣ್ಣನಿಗೆ ಹೇಳಿದೆ, ಅಟ್ಟದ ಮೇಲಿರುವುದನ್ನೆಲ್ಲ ಒಲೆಗೆ ಹಾಕಿಸು ಅಂತ. ಅವನು ತಮಾಷೆ ಅಂದುಕೊಂಡ. ನಾನೇ ಆಳಿನ ಕೈಲಿ ಹೊರಿಸಿ ಉಡಿಗಾಲದ ಹೊಲಕ್ಕೆ ಕಳಿಸಿದೆ. ಅಲ್ಲಿ ದೊಡ್ಡ ಕೊಪ್ಪರಿಗೆಯ ಕೆಳಗೆ ಅವು ಉರಿದವು. ಎಣ್ಣೆ ಬಣ್ಣವಲ್ಲವೇ, ಚೆನ್ನಾಗಿ ಉರಿದಿರಬೇಕು. ಮಗಳು ಮಾತ್ರ ಅದಕ್ಕೆ ಮೊದಲೇ ಗಂಡನ ಮನೆಗೆ ಹೋಗುವಾಗ ಒಂದನ್ನು ಹಟ ಮಾಡಿ ಒಯ್ದಿದ್ದಳು. ಗುಂಡ್ಲುಪೇಟೆಯಲ್ಲಿ ಅವಳ ಗಂಡ ಅದಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದ.

ಮುಂದಿನ ಹೂವಿನ ಕಾಲ ಬಂತು. ನಾನು ಏರಿಗೆ ಹೋಗಲಿಲ್ಲ. ಬೆಳಗಿನ ಬಸ್ಸಿನ ಹೊತ್ತಿಗೆ ಎಚ್ಚರವಾಗುತ್ತಿತ್ತು, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಹೆಂಡತಿ ಚಹಾ ತಂದಿಟ್ಟು ಹೋಗುತ್ತಿದ್ದಳು. ದಿನವಿಡೀ ಜಗಲಿಯ ಮೇಲೆ ಕೂರುವುದು, ಬೀದಿಯಲ್ಲಿ ಹೋಗುವ ಬರುವ ಆಟೋ ನೋಡುವುದು. ಆಟೋದ ಹಳದಿ ಕಂಡರೆ ಸಿಟ್ಟು ಬರುತ್ತಿತ್ತು, ಎದುರು ಅಂಗಡಿಯ ನೀಲಿ ಬಾಗಿಲು ಕಂಡರೆ ಇದು ನಿಜವಾಗಿ ಏನೋ ಅನ್ನಿಸುತ್ತಿತ್ತು. ಎಲ್ಲ ಬಣ್ಣದ ಮೇಲೂ ಅನುಮಾನ. ಕಣ್ಣಿಗೆ ಕಾಣುವುದನ್ನೇ ನಂಬದವನು ಏನು ಬರೆಯುತ್ತಾನೆ? ಬ್ರಶ್ಶುಗಳು ಡಬ್ಬದಲ್ಲಿ ನಿಂತ ಹಾಗೆಯೇ ಒಣಗಿ ಕಡ್ಡಿಯಾದವು. ಮಾತೂ ಕಡಿಮೆಯಾಯಿತು. ಹೆಂಡತಿ ಮತ್ತೆ ಮತ್ತೆ ಮೈಸೂರು ಅಂದಳು, ಮತ್ತೆ ಮತ್ತೆ ಬೈಸಿಕೊಂಡಳು.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಬಲಗಣ್ಣಿನೊಳಗೆ ಕೆಂಪು ದಾರವೊಂದು ಇಳಿಯಿತು. ನೋಡನೋಡುತ್ತಿದ್ದಂತೆ ಅದು ಹೊಗೆಯ ಹಾಗೆ ಹರಡಿತು. ಆಗ ಎತ್ತಿಕೊಂಡು ಓಡಿದರು ಮೈಸೂರಿಗೆ. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಡಾಕ್ಟರು ಗದರಿದರು; ಆ ಕಣ್ಣೂ ಉಳಿಯಲಿಲ್ಲ. ಈಗ ನನ್ನ ಮುಂದೆ ಇರುವುದು ಕಪ್ಪಲ್ಲ. ಮಾಸಿದ ಗೋಣಿಚೀಲದ ಬಣ್ಣದ ಒಂದು ಮಬ್ಬು, ಅಷ್ಟೇ. ಕಪ್ಪಾದರೂ ಆಗಬಾರದಿತ್ತೇ ಅನ್ನಿಸುತ್ತದೆ.

ಕಳೆದ ಬೇಸಿಗೆಯಲ್ಲಿ ನಾವಿಬ್ಬರೂ ಮಗಳ ಮನೆಗೆ ಹೋಗಿದ್ದೆವು. ಗೋಡೆಗೆ ಬಣ್ಣ ಹೊಡೆಸಲು ಸಾಮಾನೆಲ್ಲ ಇಳಿಸುತ್ತಿದ್ದರು. ಕೂಸು ನನ್ನ ತೊಡೆಯ ಮೇಲಿತ್ತು. ಚಿತ್ರದ ಕಟ್ಟು ಸಡಿಲವಾಗಿದೆಯೆಂದು ಮಗಳು ಅದನ್ನು ಬಿಚ್ಚಿದಳು.

"ಅಬ್ಬಾಜಾನ್, ಇದೇನು ಹೀಗಿದೆ?"

"ಹೇಗಿದೆ?"

"ಸುತ್ತ ಅಂಚಿನಲ್ಲಿ ಒಂದು ಬೆರಳಗಲ ಹಳದಿ ಇದೆ, ಕಟ್ಟಿನ ಅಡಿ ಇದ್ದ ಕಡೆ. ಮಧ್ಯ ಎಲ್ಲಾ ನೀಲಿ. ನಾನು ತಂದಾಗ ಪೂರ್ತಿ ಅಂಚಿನ ಹಾಗೇ ಇತ್ತಲ್ವಾ? ನೀವು ಬರೆದದ್ದೇ ಹಾಗೆ ಅಂದುಕೊಂಡಿದ್ದೆ."

ನನಗೆ ಮೊದಲು ತಲೆಬುಡ ತಿಳಿಯಲಿಲ್ಲ. ಅವಳ ಹಜಾರಕ್ಕೆ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ. ಬಿಸಿಲು ಬಿದ್ದ ಕಡೆ ಹಳದಿ ಹೋಗಿದೆ, ಬೀಳದ ಕಡೆ ಉಳಿದಿದೆ. ಅವಳು ಅಂಚನ್ನು ಮೂಸಿ ನೋಡಿದಳಂತೆ. "ಅಬ್ಬಾಜಾನ್," ಅಂದಳು. "ಅರಿಶಿನ."

ಅರಿಶಿನ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಸಾರಿಗೆ ಒಗ್ಗರಣೆ ಹಾಕುವ ಯಾರಿಗೆ ಬೇಕಾದರೂ ಗೊತ್ತು. ಹಸಿ ಎಣ್ಣೆ ಬಣ್ಣದ ಮೇಲೆ ವಾರಗಟ್ಟಲೆ ಅರಿಶಿನದ ದೂಳು ಕೂತಿದೆ, ಕರಗಿದೆ, ಒಳಗಿಳಿದಿದೆ. ಬೇರೆ ಯಾವ ಮನೆಯಲ್ಲಾದರೂ ಮೊದಲ ದಿನವೇ ಯಾರಾದರೂ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಅದು ದೂಳು ಅಂತ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹಳದಿ ನನ್ನ ಕಣ್ಣಲ್ಲಿರಲಿಲ್ಲ, ಚಿತ್ರದಲ್ಲೇ ಇತ್ತು.

"ಆದರೆ ನಿನ್ನ ಅಮ್ಮಿ ಅವತ್ತು ನೀಲಿ ಅಂದಳಲ್ಲ," ಅಂದೆ.

ಹೆಂಡತಿ ಅಲ್ಲೇ ಇದ್ದಳು. ಬಳೆಯ ಸದ್ದು ಕೇಳಿತು. ಹತ್ತಿರ ಬಂದು ಹೇಳಿದಳು.

"ನನಗೂ ಹಳದಿನೇ ಕಂಡಿತ್ತು. ಕಣ್ಣು ಕೆಟ್ಟು ನೀವೇ ಹಾಗೆ ಬರೆದಿದ್ದೀರಿ ಅಂದುಕೊಂಡೆ. ಡಾಕ್ಟರು ಅದನ್ನೇ ಹೇಳಿದ್ದರಲ್ಲ. ಅದನ್ನ ನನ್ನ ಬಾಯಿಂದ ಹೇಗೆ ಹೇಳಲಿ ನಾನು?"

ಕೂಸನ್ನು ಕೆಳಗಿಳಿಸಿದೆ. ಕೂಗಾಡಬೇಕು ಅನ್ನಿಸಿತು, ಜೀವಮಾನವೆಲ್ಲ ಕೂಗಾಡಿದವನು ನಾನು. ಎದ್ದು ಗೋಡೆ ತಡವುತ್ತಾ ಹೊರಗೆ ಹೋಗಿ ಕೂತೆ. ಅವಳು ಒಂದೇ ಒಂದು ಸಲ ಎಂದಿನಂತೆ, "ಥೂ, ಇದೇನು ಆಕಾಶಕ್ಕೆ ಕಾಮಾಲೆ ಬಂದ ಹಾಗಿದೆ" ಅಂದಿದ್ದರೆ ಸಾಕಿತ್ತು. ಇಬ್ಬರಿಗೂ ಹಳದಿ ಕಾಣುತ್ತದೆ ಅಂತ ಗೊತ್ತಾಗುತ್ತಿತ್ತು, ಬೈದುಕೊಂಡೇ ದೂಳು ಎಲ್ಲಿಯದೆಂದು ಹುಡುಕುತ್ತಿದ್ದೆ. ಮುಂದಿನ ಹೂವಿನ ಕಾಲಕ್ಕೆ ಏರಿಯ ಮೇಲಿರುತ್ತಿದ್ದೆ. ಅವಳು ನನ್ನ ಮೇಲಿನ ಪ್ರೀತಿಯಿಂದಲೇ ಸುಳ್ಳು ಹೇಳಿದಳು. ಅದು ನನಗೆ ಗೊತ್ತು. ಗೊತ್ತಿದ್ದೂ ಸಿಟ್ಟು ಇಳಿಯುವುದಿಲ್ಲ, ಏನು ಮಾಡಲಿ?

ಈ ಸಲ ಹೂವಿನ ಕಾಲಕ್ಕೆ ಹೆಂಡತಿಗೆ, ಏರಿಗೆ ಕರೆದುಕೊಂಡು ಹೋಗು ಅಂದೆ. ಮೊದಲ ಬಸ್ಸಿಗೇ ಹೋದೆವು. ನನ್ನ ಕೈ ಹಿಡಿದು ಏರಿ ಹತ್ತಿಸಿದಳು. ಹೂವಿನ ಘಾಟು ಬಂತು. ಹೊಲದವಳು ನನ್ನ ಗುರುತು ಹಿಡಿದು ಓಡಿ ಬಂದಳು.

"ಯಾನ ಮೇಷ್ಟ್ರೇ, ಈ ಕಡಿಕೆ ತಲೇನೇ ಆಕ್ನಿಲ್ವಲ್ಲ! ಓದ್ ವರ್ಸ ಬಂತಲ್ಲ ಹೂವು, ಅಂಗ ನನ್ ಜಲ್ಮದಲ್ಲೇ ಬಂದಿರ್ನಿಲ್ಲ ಕಣ. ಬೆಟ್ಟದ್ ಬುಡ್ದಗಂಟ ಹೂವೇ. ನೀವೇ ಬರ್ನಿಲ್ಲ." ಆಮೇಲೆ ನನ್ನ ಮುಖ ಹತ್ತಿರದಿಂದ ನೋಡಿದಳೇನೋ, "ಅಯ್ಯೋ ದ್ಯಾವ್ರೇ," ಅಂದು ಏರಿ ಇಳಿದು ಹೋದಳು.

ಮುಖಕ್ಕೆ ಬಿಸಿಲು ತಾಕಲು ಶುರುವಾಗಿತ್ತು. ಗುಲಾಬಿ ಇರುವ ಹೊತ್ತು ಅದೇ, ಚರ್ಮಕ್ಕೆ ಈಗಲೂ ಗೊತ್ತಾಗುತ್ತದೆ.

"ಬೆಟ್ಟ ಯಾವ ಬಣ್ಣ ಇದೆ?" ಅಂದೆ.

ನನ್ನ ಕೈಯೊಳಗಿದ್ದ ಹೆಂಡತಿಯ ಕೈ ಬೆವರುತ್ತಿತ್ತು.

"ನೀಲಿ," ಅಂದಳು.

ನಿಜವಾಗಿ ನೀಲಿಯೇ ಇತ್ತೋ, ಬೆಟ್ಟಕ್ಕೆ ಮೋಡ ಮುಸುಕಿ ಏನೂ ಕಾಣದೆ ಹಾಗಂದಳೋ, ನನಗೆ ಗೊತ್ತಾಗಲಿಲ್ಲ. ಇನ್ನು ಮೇಲೆ ಗೊತ್ತಾಗುವುದೂ ಇಲ್ಲ. ಸರಿ ಅಂದೆ.